ಊರ ಗುಡಿ ರಿಪೇರಿಗೆ ಕೈ ಹಾಕುವ ಮುಂಚೆ ಹಳೇ ದಾಖಲೆ ಹುಡುಕುವುದು ಹೇಗೆ?

ಹಾಸನ, ಚಿಕ್ಕಮಗಳೂರು ಕಡೆ ಹಳೇ ಗುಡಿ ಇಲ್ಲದ ಊರು ಸಿಗುವುದು ಕಷ್ಟ. ಬೇಲೂರು, ಹಳೇಬೀಡನ್ನು ನೋಡಿಕೊಳ್ಳುವವರು ಇದ್ದಾರೆ. ಉಳಿದ ಎಷ್ಟೋ ಗುಡಿಗಳು ನಮ್ಮ ನಿಮ್ಮ ಕೈಯಲ್ಲೇ ಇವೆ. ಯಾರೋ ಪುಣ್ಯಾತ್ಮರು ಒಂದಿಷ್ಟು ದುಡ್ಡು ಕೊಡುತ್ತೇನೆ ಅಂದ ಕೂಡಲೇ ಜೀರ್ಣೋದ್ಧಾರ ಸಮಿತಿ ಆಗುತ್ತದೆ, ಹಿಂದೆಯೇ ಪೇಂಟಿನ ಡಬ್ಬ, ಟೈಲ್ಸು, ಸಿಮೆಂಟು ಬಂದು ಇಳಿಯುತ್ತವೆ. ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗುಡಿ ಮೊದಲು ಹೇಗಿತ್ತು, ಹಿಂದೆ ಯಾರು ಏನು ರಿಪೇರಿ ಮಾಡಿಸಿದ್ದರು, ಯಾವ ಗೋಡೆ ಹಳೆಯದು, ಯಾವುದು ಆಮೇಲೆ ಸೇರಿಸಿದ್ದು ಅಂತ ಕೇಳುವವರು ಬಹಳ ಕಡಿಮೆ. ಕೇಳಿದರೆ ಉತ್ತರ ಸಿಗುತ್ತದೆ. ನಮ್ಮ ಎರಡು ಜಿಲ್ಲೆಗಳ ಬಗ್ಗೆ ನೂರೈವತ್ತು ವರ್ಷಕ್ಕೂ ಮೇಲ್ಪಟ್ಟ ಬರಹ, ಫೋಟೋ, ನಕ್ಷೆ, ಕಡತ ಬಿದ್ದಿವೆ, ಅದರಲ್ಲಿ ಅರ್ಧಕ್ಕರ್ಧ ಮನೆಯಲ್ಲಿ ಕೂತು ಮೊಬೈಲಿನಲ್ಲೇ ನೋಡಬಹುದು.

ಹಾಗಾಗಿ ನನ್ನ ಮಾತು ಇಷ್ಟೇ. ಮೇಸ್ತ್ರಿಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದೆರಡು ತಿಂಗಳು ದಾಖಲೆ ಹುಡುಕಿ. ಸಾವಿರ ವರ್ಷ ನಿಂತಿರುವ ಗುಡಿ ಇನ್ನೆರಡು ತಿಂಗಳು ಕಾಯುತ್ತದೆ. ಚಾವಣಿ ಸೋರುತ್ತಿದ್ದರೆ ಅಲ್ಲಿಯವರೆಗೆ ಮೇಲೆ ಟಾರ್ಪಾಲು ಹಾಕಿಸಿ.

ಮೊದಲು ಹೆಸರುಗಳ ಪಟ್ಟಿ

ಒಂದು ನೋಟ್‌ಬುಕ್ ತೆಗೆದುಕೊಂಡು ಊರಿನ ಹೆಸರು, ಹೋಬಳಿ, ತಾಲ್ಲೂಕು, ದೇವರ ಹೆಸರು ಬರೆಯಿರಿ. ಅದರ ಪಕ್ಕದಲ್ಲಿ ಇವಕ್ಕೆ ಹಿಂದೆ ಇದ್ದ ಹೆಸರುಗಳನ್ನೂ ಬರೆಯಿರಿ. ಹುಡುಕಾಟ ನಿಲ್ಲುವುದು ಸಾಮಾನ್ಯವಾಗಿ ಇಲ್ಲೇ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ಹಳೇ ಪುಸ್ತಕದ ಪರಿವಿಡಿಯಲ್ಲಿ ಚಿಕ್ಕಮಗಳೂರು ಜಿಲ್ಲೆ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಇನ್ನೊಂದು ತೊಡಕಿದೆ. ಖರ್ಚು ಉಳಿಸಲು 1882ರಲ್ಲಿ ಹಾಸನ ಜಿಲ್ಲೆಯನ್ನೇ ತೆಗೆದು ಕಡೂರಿನ ಕೆಳಗಿನ ಉಪವಿಭಾಗ ಮಾಡಿದ್ದರು, 1886ರಲ್ಲಿ ಮತ್ತೆ ಜಿಲ್ಲೆ ಆಯಿತು. ಆ ನಾಲ್ಕು ವರ್ಷದ ಹಾಸನದ ಕಾಗದಪತ್ರ ಕಡೂರಿನ ಹೆಸರಿನಲ್ಲಿ ಇರಬಹುದು ಅನ್ನುವುದನ್ನು ಮರೆಯಬೇಡಿ. 1881ಕ್ಕೆ ಮುಂಚೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. ಆಗ ಹಾಸನ ಅಷ್ಟಗ್ರಾಮ ವಿಭಾಗಕ್ಕೆ, ಕಡೂರು ನಗರ ವಿಭಾಗಕ್ಕೆ ಸೇರಿದ್ದವು. ಈ ಎರಡು ಹೆಸರನ್ನೂ ಪಟ್ಟಿಗೆ ಹಾಕಿಕೊಳ್ಳಿ.

ಇಂಗ್ಲಿಷ್ ಕಾಗುಣಿತವಂತೂ ಕೇಳಲೇಬೇಡಿ. ಹಳೇಬೀಡು ಒಬ್ಬರ ಪುಸ್ತಕದಲ್ಲಿ ಹಲ್ಲಿಬೀಡ್, ಇನ್ನೊಬ್ಬರಲ್ಲಿ ಹುಲ್ಲಬೀಡ್. ಬೇಲೂರು ಬೈಲೂರ್ ಆಗಿದೆ. ದೇವರ ಹೆಸರೂ ಬದಲಾಗುತ್ತದೆ. ಹಳೇಬೀಡಿನ ಕೇದಾರೇಶ್ವರ ಗುಡಿಯನ್ನು, ಭಾರತದ ಹಳೇ ಕಟ್ಟಡಗಳ ಇತಿಹಾಸ ಬರೆದ ಜೇಮ್ಸ್ ಫರ್ಗುಸನ್ 1876ರಲ್ಲಿ ಕೈಟ ಈಶ್ವರ ಅಂತ ಬರೆದಿದ್ದಾನೆ. ಆ ಗುಡಿಯ ಶಿಖರದ ಸಂದಿಯಲ್ಲಿ ಬೇರು ಬಿಟ್ಟ ಮರ ಕಲ್ಲುಗಳನ್ನು ಹೇಗೆ ಕಿತ್ತು ಹಾಕಿತು ಅಂತ ಅವನು ನೊಂದು ಬರೆದದ್ದು ಓದಬೇಕು ಅಂದರೆ ಕೇದಾರೇಶ್ವರ ಅಂತ ಹುಡುಕಿ ಪ್ರಯೋಜನವಿಲ್ಲ. ನಿಮ್ಮೂರಿನ ಹೆಸರನ್ನು ಇಂಗ್ಲಿಷಿನವನು ಕೇಳಿಸಿಕೊಂಡು ಹೇಗೆ ಬರೆದಿರಬಹುದು ಅಂತ ಯೋಚಿಸಿ ಐದಾರು ಬಗೆಯಲ್ಲಿ ಬರೆದಿಟ್ಟುಕೊಳ್ಳಿ.

ಊರಿನ ಹಿರಿಯರನ್ನೂ ಒಂದು ಸಲ ವಿಚಾರಿಸಿ. ಗುಡಿಗೆ ಇನಾಂ ಜಮೀನು ಇತ್ತಾ, ಶ್ಯಾನುಭೋಗರ ಮನೆ ಯಾವುದು, ಹಿಂದೆ ಜೀರ್ಣೋದ್ಧಾರ ಆದಾಗ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿದ್ದರಾ? ಹಳೇ ಆಹ್ವಾನ ಪತ್ರಿಕೆಯಲ್ಲಿ ತಾರೀಖು, ಖರ್ಚು ಕೊಟ್ಟವರು, ಸ್ಥಪತಿ ಎಲ್ಲ ಇರುತ್ತದೆ, ಅದೂ ದಾಖಲೆಯೇ.

ಶಾಸನದಿಂದ ಶುರು ಮಾಡಿ

ಹುಡುಕಾಟದ ಮೊದಲ ಮೆಟ್ಟಿಲು ಎಪಿಗ್ರಾಫಿಯಾ ಕರ್ನಾಟಿಕ. ಊರೂರಿನ ಶಾಸನಗಳನ್ನು ಸೇರಿಸಿ ಬಿ.ಎಲ್. ರೈಸ್ ಹೊರತಂದ ಈ ಸಂಪುಟಗಳಲ್ಲಿ ಕಡೂರು ಜಿಲ್ಲೆಯದು 6ನೆಯದು, 1901ರಲ್ಲಿ ಬಂದದ್ದು. ಹಾಸನದ್ದು 5ನೆಯದು, 1902ರದು. ಶ್ರವಣಬೆಳಗೊಳಕ್ಕೇ ಬೇರೆ ಸಂಪುಟ ಇದೆ, ಅದು 2ನೆಯದು. ಕನ್ನಡ ಪಾಠ, ಇಂಗ್ಲಿಷ್ ಅನುವಾದ ಎರಡೂ ಇರುತ್ತವೆ. ಹಳೇ ಸಂಪುಟಗಳ ಸ್ಕ್ಯಾನ್ ಪ್ರತಿ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಸಂಪುಟದಲ್ಲಿ ನಂಬರು ಹಾಕಿರುವುದು ತಾಲ್ಲೂಕಿನ ಪ್ರಕಾರ. ಯಾವುದೋ ಲೇಖನದಲ್ಲಿ ತರೀಕೆರೆ 45 ಅಂತ ಇದ್ದರೆ ತರೀಕೆರೆ ತಾಲ್ಲೂಕಿನ 45ನೇ ಶಾಸನ ಅಂತ ಅರ್ಥ. ಅಮೃತಾಪುರದ ಅಮೃತೇಶ್ವರ ದೇವಸ್ಥಾನದ ಶಾಸನ ಅದು, ಕವಿ ಜನ್ನ ಬರೆದದ್ದು. ಹೀಗೆ ನಿಮ್ಮ ತಾಲ್ಲೂಕಿನ ಭಾಗ ತೆರೆದು ಊರ ಹೆಸರು ಹುಡುಕಿ. ಶಾಸನದ ತಲೆಬರಹದಲ್ಲೇ ಕಲ್ಲು ಎಲ್ಲಿತ್ತು ಅಂತ ಬರೆದಿರುತ್ತಾರೆ: ಗುಡಿಯ ಬಲಕ್ಕೆ, ಕೆರೆ ಏರಿಯ ಮೇಲೆ, ಇಂಥವರ ಹೊಲದಲ್ಲಿ. ನೂರಿಪ್ಪತ್ತು ವರ್ಷದ ಹಿಂದೆ ಅಲ್ಲಿದ್ದ ಕಲ್ಲು ಈಗಲೂ ಅಲ್ಲೇ ಇದೆಯಾ ಅಂತ ಹೋಗಿ ನೋಡಿ. ಇಲ್ಲ ಅಂದರೆ ಯಾವುದಾದರೂ ಹೊಸ ಕಟ್ಟಡದ ತಳಪಾಯಕ್ಕೋ ಚಪ್ಪಡಿಗೋ ಹೋಗಿರುವ ಸಾಧ್ಯತೆ ಜಾಸ್ತಿ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಈ ಸಂಪುಟಗಳನ್ನು ತಿದ್ದಿ, ಹೊಸ ಶಾಸನ ಸೇರಿಸಿ ಮತ್ತೆ ಹೊರತಂದಿದೆ. ಅವುಗಳಲ್ಲಿ ಸಂಪುಟದ ನಂಬರು, ಶಾಸನದ ನಂಬರು ಎರಡೂ ಬದಲಾಗಿವೆ. ನೀವು ಟಿಪ್ಪಣಿ ಮಾಡುವಾಗ ಯಾವ ಮುದ್ರಣ ಅಂತ ಬರೆಯದಿದ್ದರೆ ನಾಳೆ ನಿಮಗೇ ಗೊಂದಲ ಆಗುತ್ತದೆ. ಹಳೆಯದರಲ್ಲಿ ಸಿಗಲಿಲ್ಲ ಅಂತ ಕೈ ಬಿಡಬೇಡಿ. ಶ್ರವಣಬೆಳಗೊಳದ್ದನ್ನೇ ನೋಡಿ: ರೈಸ್ 1889ರಲ್ಲಿ ಕೊಟ್ಟದ್ದು 144 ಶಾಸನ, ಆರ್. ನರಸಿಂಹಾಚಾರ್ 1923ರಲ್ಲಿ ತಂದ ಮುದ್ರಣದಲ್ಲಿ 500 ಇವೆ. ಹೊಸ ಮುದ್ರಣಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ನೋಡಬಹುದು. ಹಾಸನದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೂ, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗದಲ್ಲೂ ಮೊದಲು ಕೇಳಿ, ಸುಮ್ನೆ ಮೈಸೂರಿನವರೆಗೆ ಯಾಕೆ ಓಡಾಡಬೇಕು?

ಶಾಸನ ಓದುವಾಗ ರಾಜನ ಬಿರುದುಗಳನ್ನು ದಾಟಿ ಕೊನೆಯ ಭಾಗಕ್ಕೆ ಹೋಗಿ. ದಾನ ಯಾಕೆ ಕೊಟ್ಟರು ಅಂತ ಹೇಳುವ ಕಡೆ ದೇವರ ಅಂಗಭೋಗ (ಸ್ನಾನ, ಅಲಂಕಾರದ ಸೇವೆ), ನೈವೇದ್ಯದ ಜೊತೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಅನ್ನುವ ಮಾತು ಬರುತ್ತದೆ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದನ್ನು ಸರಿ ಮಾಡಿಸುವುದಕ್ಕೆ ಇಂತಿಷ್ಟು ಗದ್ದೆ ಬಿಟ್ಟಿದೆ ಅಂತ. ಗುಡಿ ಕಟ್ಟಿದ ದಿನವೇ ಅದರ ರಿಪೇರಿಗೆ ಖಾಯಂ ಆದಾಯ ಗೊತ್ತು ಮಾಡಿದ್ದಾರೆ ನೋಡಿ! ನನಗೆ ಪ್ರತಿ ಸಲ ಇದನ್ನು ಓದುವಾಗ ಆ ಜನರ ಮೇಲೆ ಗೌರವ ಬರುತ್ತದೆ. ಕೆಲವು ಶಾಸನಗಳು ರಿಪೇರಿಯನ್ನೇ ಹೇಳುತ್ತವೆ. ಬೇಲೂರಿನ ಮಹಾದ್ವಾರದ ಗೋಪುರವನ್ನು 1397ರಲ್ಲಿ ವಿಜಯನಗರದ ಎರಡನೇ ಹರಿಹರನ ದಂಡನಾಯಕ ಗುಂಡ ಕಟ್ಟಿಸಿದ ಅಂತ ನಮಗೆ ಗೊತ್ತಿರುವುದು ಶಾಸನದಿಂದಲೇ. ಗುಡಿಗೆ 1117ರಲ್ಲಿ ಪ್ರತಿಷ್ಠೆ ಆದದ್ದು, ಗೋಪುರಕ್ಕೂ ಅದಕ್ಕೂ 280 ವರ್ಷ ಅಂತರ. ನಿಮ್ಮೂರ ಗುಡಿಯಲ್ಲೂ ಹೀಗೆ ಬೇರೆ ಬೇರೆ ಕಾಲದ ಕೆಲಸ ಇರುತ್ತದೆ, ಯಾವುದನ್ನು ಮುಟ್ಟಬಹುದು ಯಾವುದನ್ನು ಮುಟ್ಟಲೇಬಾರದು ಅಂತ ತೀರ್ಮಾನಿಸುವುದು ಇಂಥ ವಿವರದ ಮೇಲೆ.

ಪುರಾತತ್ವ ಇಲಾಖೆಯ ವಾರ್ಷಿಕ ವರದಿ

ನಿಜವಾದ ಗಣಿ ಇದು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ 1885ರಲ್ಲಿ ಶುರುವಾಯಿತು. 1906ರಲ್ಲಿ ಆರ್. ನರಸಿಂಹಾಚಾರ್ ಅದರ ಮುಖ್ಯಸ್ಥರಾದ ಮೇಲೆ ವರದಿಗಳ ಗಾತ್ರವೂ ಗುಣವೂ ಬೆಳೆಯಿತು. ಅವರ ನಂತರ ಆರ್. ಶಾಮಾಶಾಸ್ತ್ರಿ, ಆಮೇಲೆ ಎಂ.ಎಚ್. ಕೃಷ್ಣ. ಇವರೆಲ್ಲ ಊರೂರು ತಿರುಗಿ ಗುಡಿ ನೋಡಿ, ಅಳತೆ ತೆಗೆದು, ಫೋಟೋ ಹಿಡಿದು ಬರೆದವರು. ಬರೀ ಕಲೆಯ ವರ್ಣನೆ ಅಂದುಕೊಳ್ಳಬೇಡಿ. ಚಾವಣಿ ಸೋರುತ್ತಿದೆ, ಮೇಲೆ ಗಿಡ ಬೆಳೆದಿದೆ, ತೊಲೆ ಬಿರುಕು ಬಿಟ್ಟಿದೆ, ಮೂರ್ತಿಗೆ ಸುಣ್ಣ ಬಳಿದಿದ್ದಾರೆ ಅನ್ನುವಂಥ ಮಾತುಗಳು ಅಲ್ಲಲ್ಲಿ ಬರುತ್ತವೆ. ನಿಮಗೆ ಬೇಕಾದದ್ದು ಆ ಸಾಲುಗಳು.

ಒಂದು ಎಚ್ಚರಿಕೆ. ಸಂಸ್ಥಾನದ ಸರ್ಕಾರಿ ವರ್ಷ ಜುಲೈನಿಂದ ಜೂನ್‌ವರೆಗೆ. ನರಸಿಂಹಾಚಾರ್ ಕಾಲದ 1910ರ ವರದಿ ಅಂದರೆ 1909ರ ಜುಲೈನಿಂದ 1910ರ ಜೂನ್ ಕೊನೆಯವರೆಗಿನ ಕೆಲಸ. ಹಾಗಾಗಿ ಒಂದು ವರ್ಷದ ಸುಳಿವು ಸಿಕ್ಕಿದರೆ ಹಿಂದಿನ ಮುಂದಿನ ವರ್ಷದ ವರದಿಯನ್ನೂ ತಿರುವಿ ಹಾಕಿ. ಸ್ಕ್ಯಾನ್ ಪ್ರತಿಯಲ್ಲಿ ಕಂಪ್ಯೂಟರ್ ಹುಡುಕಾಟವನ್ನು ಪೂರ್ತಿ ನಂಬಬೇಡಿ, ಹಳೇ ಅಚ್ಚಿನ ಅಕ್ಷರವನ್ನು ಅದು ಎಷ್ಟೋ ಸಲ ತಪ್ಪಾಗಿ ಓದುತ್ತದೆ. ಪುಸ್ತಕದ ಕೊನೆಯ ಅಕಾರಾದಿಯನ್ನು ಕಣ್ಣಿನಿಂದಲೇ ನೋಡಿ. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ.

ನರಸಿಂಹಾಚಾರ್ ಬರೆದ ಸಣ್ಣ ಪುಸ್ತಕಗಳೂ ಇವೆ. ಬೇಲೂರಿನ ಕೇಶವ ದೇವಾಲಯದ್ದು ಮತ್ತು ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದ್ದು, ಎರಡೂ 1919ರವು. ದೊಡ್ಡಗದ್ದವಳ್ಳಿಯ ಕಾಳಿ ಮೂರ್ತಿ ಒಡೆದು ಬಿದ್ದಿದೆ ಅಂತ 2020ರ ನವೆಂಬರಿನಲ್ಲಿ ಸುದ್ದಿ ಬಂದಾಗ ಎಷ್ಟು ಜನ ಸಂಕಟಪಟ್ಟರು ಅಲ್ವಾ? ಇಂಥದ್ದು ಆದ ಮೇಲೆ, ಮೊದಲು ಹೇಗಿತ್ತು ಅಂತ ಹೇಳುವುದಕ್ಕೆ ಉಳಿಯುವುದು ಹಳೇ ಬರಹ, ಹಳೇ ಫೋಟೋ ಮಾತ್ರ.

ಸ್ವಾತಂತ್ರ್ಯದ ನಂತರದ್ದು ಬೇಕಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಇಂಡಿಯನ್ ಆರ್ಕಿಯಾಲಜಿ ಎ ರಿವ್ಯೂ ನೋಡಿ. ಮೊದಲ ಸಂಚಿಕೆ 1953-54ರದು. ಸ್ಮಾರಕಗಳ ರಕ್ಷಣೆ ಅನ್ನುವ ಭಾಗದಲ್ಲಿ ಆ ವರ್ಷ ಎಲ್ಲೆಲ್ಲಿ ಏನೇನು ರಿಪೇರಿ ಆಯಿತು ಅಂತ ಚುಟುಕಾಗಿ ಇರುತ್ತದೆ: ಚಾವಣಿಗೆ ಗಾರೆ ಹಾಕಿದ್ದು, ನೆಲಕ್ಕೆ ಚಪ್ಪಡಿ ಕೂರಿಸಿದ್ದು, ಕಲ್ಲು ತೊಳೆದದ್ದು. ಇಂಡಿಯನ್ ಕಲ್ಚರ್ ಅನ್ನುವ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲೂ ಹಳೇ ವರದಿ, ಫೋಟೋ ಸಾಕಷ್ಟಿವೆ. ಬೆಂಗಳೂರಿಗೆ ಹೋಗುವ ಕೆಲಸ ಇದ್ದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯಕ್ಕೂ ಹೋಗಿ ಬನ್ನಿ. 1909ರಲ್ಲಿ ಶುರುವಾದ ಸಂಸ್ಥೆ ಅದು, ಅವರ ತ್ರೈಮಾಸಿಕದ ಹಳೇ ಸಂಚಿಕೆಗಳಲ್ಲಿ ನಮ್ಮ ಕಡೆಯ ಊರುಗಳ ಬಗ್ಗೆ ಲೇಖನಗಳಿವೆ.

ಹಳೇ ಫೋಟೋ

1856ರ ಸುಮಾರಿಗೇ ಹಳೇಬೀಡಿಗೆ ಕ್ಯಾಮೆರಾ ಬಂದಿತ್ತು. ಕ್ಯಾಪ್ಟನ್ ಓಕ್ಲಿ ಅನ್ನುವವನು ಹೊಯ್ಸಳೇಶ್ವರ ಗುಡಿಯ ಫೋಟೋ ಹಿಡಿದು 1859ರಲ್ಲಿ ಆಲ್ಬಂ ಮಾಡಿದ. ಡಾಕ್ಟರ್ ಪಿಗೌ ಅದೇ ಕಾಲದಲ್ಲಿ ಬೇಲೂರು, ಹಳೇಬೀಡು ಎರಡೂ ಕಡೆ ಚಿತ್ರ ತೆಗೆದ. ಇವರ ಫೋಟೋಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಇಂಥ ಹಳೇ ಫೋಟೋಗಳ ಡಿಜಿಟಲ್ ಪ್ರತಿ ವಿಕಿಮೀಡಿಯಾ ಕಾಮನ್ಸ್‌ನಲ್ಲೂ ಸಿಗುತ್ತವೆ. ದೊಡ್ಡ ಗುಡಿಗಳಿಗಾದರೆ ಇದು ಸಾಕು. ಸಣ್ಣ ಗುಡಿಗಳಿಗೆ ಗುರುಗ್ರಾಮದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಫೋಟೋ ಸಂಗ್ರಹ ಒಳ್ಳೆಯದು, ದೇವಾಲಯಗಳ ಚಿತ್ರಗಳನ್ನು ಊರಿನ ಪ್ರಕಾರ ಆನ್‌ಲೈನಿನಲ್ಲೂ ಇಟ್ಟಿದ್ದಾರೆ.

ಫೋಟೋ ಸಿಕ್ಕಿದ ಮೇಲೆ ಸುಮ್ನೆ ವಾಟ್ಸಾಪಿಗೆ ಹಾಕಿ ಬಿಡಬೇಡಿ. ದೊಡ್ಡದಾಗಿ ಪ್ರಿಂಟ್ ತೆಗೆಸಿ ಗುಡಿಯ ಹತ್ತಿರ ತೆಗೆದುಕೊಂಡು ಹೋಗಿ, ಫೋಟೋ ಹಿಡಿದವನು ನಿಂತಿದ್ದ ಜಾಗ ಹುಡುಕಿ ಅಲ್ಲೇ ನಿಲ್ಲಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಹೋಲಿಸುತ್ತಾ ಬನ್ನಿ. ನೆಲದ ಮಟ್ಟ ಎಷ್ಟು ಮೇಲೆ ಬಂದಿದೆ? ಜಗತಿಯ, ಅಂದರೆ ಗುಡಿ ನಿಂತಿರುವ ಕಟ್ಟೆಯ, ಎಷ್ಟು ಸಾಲು ಮಣ್ಣಿನಲ್ಲಿ ಹೂತಿದೆ? ಮುಂದಿನ ಮಂಟಪದ ಕಂಬಗಳ ನಡುವೆ ಆಗ ಗೋಡೆ ಇತ್ತಾ? ಸೂರಿನ ಅಂಚು, ಕಲಶ, ಮೆಟ್ಟಿಲ ಪಕ್ಕದ ಆನೆ, ಬಾಗಿಲ ಮೇಲಿನ ಪಟ್ಟಿಕೆ ಒಂದೊಂದನ್ನೂ ನೋಡಿ ಬರೆಯಿರಿ. ಬೇಲೂರಿನ ಚೆನ್ನಕೇಶವನ ಮೇಲೆ ಇವತ್ತು ಶಿಖರ ಇಲ್ಲ, ಕಟ್ಟಿದವರೇ ಹಾಗೆ ಬಿಟ್ಟರು ಅಂತ ಎಷ್ಟೋ ಜನ ತಿಳಿದಿದ್ದಾರೆ. ಇಟ್ಟಿಗೆ, ಮರ ಬಳಸಿದ್ದ ಶಿಖರ ಇತ್ತು, ಒಳಗಿನ ಗರ್ಭಗುಡಿಯನ್ನು ಉಳಿಸುವ ಸಲುವಾಗಿ ಅದನ್ನು 1879ರಲ್ಲಿ ಇಳಿಸಿದರು. ದಾಖಲೆ ಇಲ್ಲದಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು?

ಕಡತ, ಕಚೇರಿ, ಅರ್ಜಿ

ಮೊದಲು ಗುಡಿ ಯಾರ ಸುಪರ್ದಿಯಲ್ಲಿದೆ ಅಂತ ತಿಳಿದುಕೊಳ್ಳಿ. ಕೇಂದ್ರ ಪುರಾತತ್ವ ಇಲಾಖೆಯ ಬೋರ್ಡ್ ಇದ್ದರೆ ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆ, ರಾಜ್ಯ ಇಲಾಖೆಯ ರಕ್ಷಿತ ಸ್ಮಾರಕ ಆದರೆ 1961ರ ರಾಜ್ಯ ಕಾಯ್ದೆ. ಈ ಎರಡರಲ್ಲಿ ಯಾವುದಾದರೂ ಸರಿ, ರಿಪೇರಿ ಸಮಿತಿಯ ಕೆಲಸ ಅಲ್ಲ, ಅನುಮತಿ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯಬೇಡಿ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಮುಜರಾಯಿ ಗುಡಿಯಾದರೆ ತಹಶೀಲ್ದಾರ್ ಕಚೇರಿಯ ಮುಜರಾಯಿ ವಿಭಾಗಕ್ಕೆ ಹೋಗಿ. ಎ, ಬಿ, ಸಿ ಯಾವ ದರ್ಜೆ, ತಸ್ತೀಕ್ (ಪೂಜೆಗೆ ಸರ್ಕಾರ ಕೊಡುವ ವಾರ್ಷಿಕ ಹಣ) ಎಷ್ಟು, ಹಿಂದೆ ರಿಪೇರಿಗೆ ಹಣ ಬಂದಿತ್ತಾ ಅಂತ ಅಲ್ಲಿ ಗೊತ್ತಾಗುತ್ತದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಹಿಂದೆ ಜೀರ್ಣೋದ್ಧಾರ ಮಾಡಿಸಿದ್ದರೆ ಅವರನ್ನೂ ಕೇಳಿ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇನಾಂ ರಿಜಿಸ್ಟರ್, ಹಳೇ ಗ್ರಾಮ ನಕ್ಷೆ ಸಿಗುತ್ತವೆ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಈ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ಅದು ಬಹಳ ಒಳ್ಳೆ ಕೆಲಸ. ಗ್ರಾಮ ನಕ್ಷೆಯಲ್ಲಿ ಗುಡಿಗೆ ಎಷ್ಟು ಜಾಗ ಬಿಟ್ಟಿದ್ದರು, ಕಲ್ಯಾಣಿ ಎಲ್ಲಿತ್ತು, ರಥಬೀದಿ ಎಷ್ಟು ಅಗಲ ಅಂತ ತಿಳಿಯುತ್ತದೆ.

ಸಂಸ್ಥಾನದ ಕಾಲದ ಸರ್ಕಾರಿ ಕಡತಕ್ಕೆ ಹೋಗಬೇಕಾದದ್ದು ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ. ಕೇಂದ್ರ ಕಚೇರಿ ಬೆಂಗಳೂರಿನ ವಿಕಾಸಸೌಧದಲ್ಲಿ, ವಿಭಾಗೀಯ ಕಚೇರಿ ಮೈಸೂರಿನಲ್ಲಿ. ಗುರುತಿನ ಚೀಟಿಯ ಜೊತೆ ಏನು ಬೇಕು, ಯಾಕೆ ಬೇಕು ಅಂತ ಒಂದು ಪತ್ರ ಬರೆದುಕೊಂಡು ಹೋಗಿ, ಸಮಿತಿಯದ್ದೋ ಕಾಲೇಜಿನದ್ದೋ ಲೆಟರ್‌ಹೆಡ್ ಆದರೆ ಇನ್ನೂ ಒಳ್ಳೆಯದು. ಅಲ್ಲಿ ಹೋಗಿ ನಮ್ಮೂರ ಗುಡಿಯ ಬಗ್ಗೆ ಏನಾದರೂ ಇದ್ದರೆ ಕೊಡಿ ಸಾರ್ ಅಂದರೆ ಯಾರಿಗೂ ಏನೂ ಮಾಡಲಾಗುವುದಿಲ್ಲ. ಮುಜರಾಯಿ ಇಲಾಖೆ, ಹಾಸನ ಜಿಲ್ಲೆ, 1915ರಿಂದ 1930, ದೇವಸ್ಥಾನ ರಿಪೇರಿ ಎಸ್ಟಿಮೇಟ್ ಅಂತ ಕೇಳಿ. ಇಲಾಖೆ, ಜಿಲ್ಲೆ, ವರ್ಷ, ವಿಷಯ ಈ ನಾಲ್ಕು ಹೇಳಿದರೆ ಸಿಬ್ಬಂದಿಯೂ ಖುಷಿಯಿಂದ ಸೂಚಿ ತೆಗೆದು ಕೊಡುತ್ತಾರೆ. ವರ್ಷಗಳ ಸುಳಿವು ನಿಮಗೆ ಆಗಲೇ ವಾರ್ಷಿಕ ವರದಿಯಿಂದ ಸಿಕ್ಕಿರುತ್ತದೆ, ಅದಕ್ಕೇ ಅದನ್ನು ಮೊದಲು ನೋಡಿ ಅಂದದ್ದು. ಬ್ರಿಟಿಷ್ ರೆಸಿಡೆಂಟರ ಕಡೆಯ ಕಾಗದಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಅವರ ಅಭಿಲೇಖ್ ಪಟಲ್ ಪೋರ್ಟಲ್‌ನಲ್ಲಿ ಮನೆಯಿಂದಲೇ ಹುಡುಕಬಹುದು.

ಇತ್ತೀಚಿನ ಕೆಲಸದ ಕಾಗದ ಕೊಡಲು ಯಾವ ಕಚೇರಿಯಾದರೂ ಹಿಂದೆ ಮುಂದೆ ನೋಡಿದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ರಾಜ್ಯದ ಕಚೇರಿಗಾದರೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟಬಾರದು. ಅರ್ಜಿಗೆ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನ. ಇಂಥ ಗುಡಿಯ ಇಂಥ ವರ್ಷದ ರಿಪೇರಿಯ ಎಸ್ಟಿಮೇಟ್, ಅಳತೆ ಪುಸ್ತಕ, ಕೆಲಸಕ್ಕೆ ಮುಂಚೆ ಮತ್ತು ನಂತರದ ಫೋಟೋಗಳ ನಕಲು ಕೊಡಿ ಅಂತ ನೇರವಾಗಿ ಕೇಳಿ. ಯಾಕೆ ಮಾಡಿದಿರಿ, ಸರೀನಾ ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ ಅಂತ ಅರ್ಜಿ ವಾಪಸ್ ಬರುತ್ತದೆ.

ಮನೆ, ಮಠದಲ್ಲಿರುವ ಕಾಗದ

ಕಡತ ಅಂದರೆ ಈಗ ಆಫೀಸ್ ಫೈಲ್ ಅಂತಾಗಿದೆ. ಹಿಂದೆ ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳಿವೆ. ಹಳೇ ಶ್ಯಾನುಭೋಗರ ಮನೆಯ ಅಟ್ಟದಲ್ಲೂ ಸಿಗಬಹುದು. ಸಿಕ್ಕಿದರೆ ಧೂಳು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕೈಯಲ್ಲೂ ಉಜ್ಜಬೇಡಿ, ಬಳಪದ ಅಕ್ಷರ ಸ್ಲೇಟಿನ ಮೇಲಿನದರ ಹಾಗೆ ಅಳಿಸಿ ಹೋಗುತ್ತದೆ. ಮಡಿಕೆ ಬಿಡಿಸಲು ಒತ್ತಾಯ ಮಾಡಬೇಡಿ. ತಾಳೆಗರಿಗೆ ಮನೆಯಲ್ಲಿರುವ ಎಣ್ಣೆ ಹಚ್ಚಬೇಡಿ, ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಲೇಬೇಡಿ, ಅಂಟು ಟೇಪು ಬೇಡವೇ ಬೇಡ. ಇದ್ದ ಹಾಗೇ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವನ್ನೋ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೋ ವಿಚಾರಿಸಿ. ಕಾಗದ ನಿಮ್ಮದೇ, ಅವರಿಗೆ ಕೊಟ್ಟುಬಿಡಬೇಕು ಅಂತೇನಿಲ್ಲ, ಸಲಹೆ ಕೇಳಬಹುದು.

ಮಠದ ಕಾಗದ ಎಂಥ ವಿಷಯ ಹೊರಗೆ ತರಬಹುದು ಅನ್ನುವುದಕ್ಕೆ ಶೃಂಗೇರಿಯೇ ಸಾಕ್ಷಿ. 1791ರಲ್ಲಿ ಮರಾಠರ ದಂಡಿನವರು ಅಲ್ಲಿ ಲೂಟಿ ಮಾಡಿ ಶಾರದೆಯ ಮೂರ್ತಿಗೆ ಧಕ್ಕೆ ತಂದಾಗ ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಬರೆದರು, ಅವನು ಮರುಪ್ರತಿಷ್ಠೆಗೆ ನೆರವು ಕಳಿಸಿದ. ಆ ಕನ್ನಡ ಪತ್ರಗಳು ಮಠದಲ್ಲೇ ಇದ್ದವು, 1916ರಲ್ಲಿ ನರಸಿಂಹಾಚಾರ್ ನೋಡಿ ಬೆಳಕಿಗೆ ತಂದರು. ಜೋಪಾನ ಮಾಡಿದವರು ಇದ್ದದ್ದರಿಂದ 125 ವರ್ಷ ಆದ ಮೇಲೂ ಸಿಕ್ಕವು.

ಗ್ರಂಥಾಲಯದಲ್ಲಿ, ಪತ್ರಾಗಾರದಲ್ಲಿ ಪೆನ್ನು ಒಳಗಿಟ್ಟು ಪೆನ್ಸಿಲ್ ಬಳಸಿ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಬೇಡಿ. ಫೋಟೋ ತೆಗೆಯಲು ಅನುಮತಿ ಕೇಳಿ, ಫ್ಲ್ಯಾಷ್ ಆಫ್ ಮಾಡಿ. ಪ್ರತಿ ಕಡತದ ಮೊದಲ ಫೋಟೋ ಅದರ ನಂಬರು, ವರ್ಷ ಕಾಣುವ ಮೇಲುಹೊದಿಕೆಯದ್ದೇ ಆಗಿರಲಿ, ಮನೆಗೆ ಬಂದ ಮೇಲೆ ಯಾವ ಹಾಳೆ ಯಾವ ಕಡತದ್ದು ಅಂತ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಸಿಕ್ಕಿದ್ದನ್ನು ಕೆಲಸಕ್ಕೆ ಹೇಗೆ ಬಳಸುವುದು?

ಸಿಕ್ಕಿದ ವಿಷಯವನ್ನೆಲ್ಲ ವರ್ಷದ ಪ್ರಕಾರ ಒಂದೇ ಉದ್ದ ಪಟ್ಟಿ ಮಾಡಿ: ವರ್ಷ, ಏನಾಯಿತು, ಎಲ್ಲಿ ಓದಿದ್ದು, ಪುಟ ಎಷ್ಟು. ಎರಡು ಹಾಳೆ ಆದರೂ ಸಾಕು. ಅದನ್ನು ಸಮಿತಿ ಸಭೆಯಲ್ಲಿ ಓದಿ ಹೇಳಿ. ಹಳೇ ಫೋಟೋವನ್ನು ಕೈಗೆ ಕೊಟ್ಟು ನೋಡಿ, ವಾದ ಮಾಡುವವರೂ ಸುಮ್ಮನಾಗುತ್ತಾರೆ. ಹಿಂದಿನವರು ಸುಣ್ಣದ ಗಾರೆ ಬಳಸಿದ್ದರು ಅಂತ ಕಾಗದದಲ್ಲಿ ಇದ್ದರೆ ಸಿಮೆಂಟು ಬೇಡ ಅನ್ನಲು ನಿಮಗೆ ಆಧಾರ ಸಿಗುತ್ತದೆ. ಸಿಮೆಂಟು ಕಲ್ಲಿಗಿಂತ ಬಿರುಸು. ಒಳಗಿನ ತೇವ ಅದರ ಮೂಲಕ ಹೊರಗೆ ಹೋಗಲಾರದೆ ಬಳಪದ ಕಲ್ಲಿನ ಮೂಲಕ ಹೋಗುತ್ತದೆ, ಜೊತೆಗೆ ಉಪ್ಪನ್ನೂ ತಂದು ಕಲ್ಲಿನ ಮೈ ಹೊಪ್ಪಳೆ ಏಳಿಸುತ್ತದೆ. ಎನಾಮಲ್ ಪೇಂಟೂ ಹಾಗೇ, ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಮಲೆನಾಡ ಮಳೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಮಾದರಿ ಬೇಕಾದರೆ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಸಲ್ಲಿಸಿದ್ದ ಕಡತವನ್ನು ಯುನೆಸ್ಕೋ ಜಾಲತಾಣದಿಂದ ಇಳಿಸಿಕೊಂಡು, ಗುಡಿಗಳ ಈಗಿನ ಸ್ಥಿತಿ, ಸಂರಕ್ಷಣೆಯ ಬಗ್ಗೆ ಬರೆದಿರುವ ಭಾಗ ಓದಿ. ವಿಧಾನಗಳ ಬಗ್ಗೆ ಇನ್ನೂ ಆಳವಾಗಿ ಓದುವ ಇಂಜಿನಿಯರ್ ಹುಡುಗರು ಊರಲ್ಲಿದ್ದರೆ ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥನಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಬರೆದ ಸಂರಕ್ಷಣೆಯ ಕೈಪಿಡಿ ಕೊಡಿ, ಸಂರಕ್ಷಣೆಯ ಕೆಲಸ ಮಾಡುವ ಅಮೆರಿಕದ ಗೆಟ್ಟಿ ಸಂಸ್ಥೆಯ ಉಚಿತ ಪುಸ್ತಕಗಳನ್ನೂ ತೋರಿಸಿ.

ಇನ್ನು ನಿಮ್ಮ ಸರದಿ. ಸ್ಮಾರಕಗಳ ಸಂರಕ್ಷಣೆಗೆ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ನಿಯಮಾವಳಿಯಾದ 1964ರ ವೆನಿಸ್ ಸನ್ನದಿನ 16ನೇ ಕಲಮು ಸಂರಕ್ಷಣೆಯ ಪ್ರತಿ ಹಂತವನ್ನೂ ಚಿತ್ರ, ನಕ್ಷೆ ಸಮೇತ ಬರೆದು ಸಾರ್ವಜನಿಕ ಸಂಸ್ಥೆಯ ಪತ್ರಾಗಾರದಲ್ಲಿ ಸಂಶೋಧಕರಿಗೆ ಸಿಗುವ ಹಾಗೆ ಇಡಬೇಕು ಅನ್ನುತ್ತದೆ. ಹಳ್ಳಿಯ ಗುಡಿಗೂ ಅದನ್ನೇ ಮಾಡಬಹುದು, ದುಡ್ಡು ಬೇಕಾಗಿಲ್ಲ. ಕೆಲಸಕ್ಕೆ ಮುಂಚೆ ನಾಲ್ಕೂ ದಿಕ್ಕಿನಿಂದ, ಒಳಗೆ ಪ್ರತಿ ಅಂಕಣದ ಚಾವಣಿಯಿಂದ ನೆಲದವರೆಗೆ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆ ಕೋಲು ಇರಲಿ. ಬಿಚ್ಚುವ ಪ್ರತಿ ಕಲ್ಲಿಗೂ ನಂಬರು ಹಾಕಿ, ಆದರೆ ಪೇಂಟಿನಲ್ಲಿ ಬೇಡ, ಸೀಮೆಸುಣ್ಣ ಅಥವಾ ದಾರ ಕಟ್ಟಿದ ಚೀಟಿ ಸಾಕು. ಗಾರೆಗೆ ಸುಣ್ಣ ಎಷ್ಟು, ಮರಳು ಎಷ್ಟು, ಬೆಲ್ಲದ ನೀರು ಹಾಕಿದರಾ, ಎಷ್ಟು ದಿನ ನೆನೆಸಿದರು ಅಂತ ಮೇಸ್ತ್ರಿಯನ್ನೇ ಕೇಳಿ ಬರೆದುಕೊಳ್ಳಿ, ಬಿಲ್ಲುಗಳನ್ನು ಎಸೆಯಬೇಡಿ. ಹೊಸದಾಗಿ ಹಾಕಿದ ಕಲ್ಲು ಯಾವುದು ಅಂತ ನಕ್ಷೆಯಲ್ಲಿ ಗುರುತು ಮಾಡಿ.

ಎಲ್ಲ ಮುಗಿದ ಮೇಲೆ ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಅದು ಯಾವಾಗ ಕೈ ಕೊಡುತ್ತದೋ ಹೇಳಲಾಗದು. ಒಂದು ಪ್ರತಿ ಗುಡಿಯಲ್ಲಿ, ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ), ಒಂದು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಇರಲಿ. ಕೊಟ್ಟದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಬೀರು ಬದಲಾಯಿಸುವಾಗ ಅದು ರದ್ದಿಗೆ ಹೋಗುತ್ತದೆ. ಪಿಡಿಎಫ್ ಮಾಡಿ ಆರ್ಕೈವ್ ಡಾಟ್ ಆರ್ಗ್‌ಗೂ ಏರಿಸಿ, ಶೀರ್ಷಿಕೆಯಲ್ಲಿ ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ವರ್ಷ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಗರ್ಭಗುಡಿಯ ಒಡವೆ, ಉತ್ಸವಮೂರ್ತಿ, ಬೀಗದ ವಿವರ ಇರುವ ಪುಟಗಳನ್ನು ಮಾತ್ರ ಆನ್‌ಲೈನ್ ಪ್ರತಿಯಿಂದ ತೆಗೆದುಬಿಡಿ, ಕಳ್ಳರೂ ಓದುತ್ತಾರೆ. ಆ ಪುಟಗಳು ಅರ್ಚಕರ ಹತ್ತಿರ ಮತ್ತು ತಹಶೀಲ್ದಾರ್ ಕಚೇರಿಯಲ್ಲಿ ಲಕೋಟೆಯೊಳಗೆ ಇರಲಿ.